ಆನೇಕಲ್: ಮಂಗಳವಾರ ರಜೆ ಸಿಗದ ಊರು

ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಹೊರಟು, ಚಂದಾಪುರ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಿದರೆ ಆನೇಕಲ್ಲಿನ ದಾರಿ. ಹಳೇ ಮೈಸೂರಿನ ಮಾತಿನಲ್ಲಿ ಆನೆಕಲ್ಲು ಅಂದರೆ ಆಲಿಕಲ್ಲು. ಊರಿನ ಹೆಸರಿಗೆ ಅದೇ ಮೂಲ ಅನ್ನುವವರಿದ್ದಾರೆ. ಆದರೆ ನಿಜದ ಆನೆಗಳೂ ದೂರವಿಲ್ಲ, ಬನ್ನೇರುಘಟ್ಟದ ಕಾಡು ಇದೇ ತಾಲ್ಲೂಕಿನಲ್ಲಿದೆ. ಕರಗ, ರೇಷ್ಮೆ ಮಗ್ಗ, ರಾಗಿ ಹೊಲ, ಮುತ್ಯಾಲಮಡುವಿನ ಝರಿ, ಇಷ್ಟರಲ್ಲೇ ಗುರುತಿಸಿಕೊಳ್ಳುತ್ತಿದ್ದ ಈ ಪೇಟೆಯ ಸುತ್ತ ಈಗ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳು ನಿಂತಿವೆ. 2025ರ ಆಗಸ್ಟಿನಲ್ಲಿ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಓಡಲು ಶುರುವಾದ ಮೇಲೆ ನಗರ ತಾಲ್ಲೂಕಿನ ಹೊಸಿಲಿಗೇ ಬಂದು ಕೂತಂತಾಗಿದೆ. ಇಂಥ ಊರಿನಲ್ಲಿ ಕುಡಿತದ ಚಟಕ್ಕೆ ಸಿಕ್ಕಿಬಿದ್ದವನಿಗೆ ಚಿಕಿತ್ಸೆ ಎಲ್ಲಿದೆ ಎಂದು ಕೇಳಿದರೆ ಉತ್ತರ ಸುಲಭ: ನಿಮ್ಹಾನ್ಸ್ ಇದೆಯಲ್ಲ, ಅದೇ ಹೊಸೂರು ರಸ್ತೆಯಲ್ಲಿ. ಈ ಸುಲಭದ ಉತ್ತರದ ಬಗ್ಗೆಯೇ ನನ್ನ ತಕರಾರು. ಆಸ್ಪತ್ರೆ ಎಷ್ಟು ಹತ್ತಿರದಲ್ಲಿದೆ ಅನ್ನುವುದಕ್ಕಿಂತ, ಊರಿನಲ್ಲಿ ಇರುವ ಜನ ಯಾರು, ಅವರ ದಿನ ಹೇಗೆ ಕಳೆಯುತ್ತದೆ ಅನ್ನುವುದೇ ಚಿಕಿತ್ಸೆ ಸಿಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ.

ಮೊದಲು ಜನ. 2001ರ ಗಣತಿಯಲ್ಲಿ ಆನೇಕಲ್ ಪಟ್ಟಣದ ಜನಸಂಖ್ಯೆ 33 ಸಾವಿರ ಚಿಲ್ಲರೆ. 2011ರಲ್ಲಿ 44 ಸಾವಿರ ದಾಟಿತು. ಹತ್ತು ವರ್ಷದಲ್ಲಿ ಮೂರು ಮನೆಯ ಜಾಗದಲ್ಲಿ ನಾಲ್ಕು ಮನೆ ಎದ್ದ ಲೆಕ್ಕ. 2021ರಲ್ಲಿ ಆಗಬೇಕಿದ್ದ ಗಣತಿ ನಡೆಯಲಿಲ್ಲವಾದ್ದರಿಂದ ನಮ್ಮ ಕೈಯಲ್ಲಿರುವುದು ಹಳೇ ಅಂಕಿ. ಅದೂ ಪುರಸಭೆಯ ಗಡಿಯೊಳಗಿನದು ಮಾತ್ರ. ಚಂದಾಪುರ, ಹೆಬ್ಬಗೋಡಿ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಎಲ್ಲವೂ ಲೆಕ್ಕದಲ್ಲಿ ಬೇರೆ ಬೇರೆ ಊರು. ತಾಲ್ಲೂಕು ಆಸ್ಪತ್ರೆಗೆ ಬರುವವರು ಮಾತ್ರ ಅಲ್ಲಿಯವರೂ ಹೌದು. ಇಡೀ ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 916 ಹೆಂಗಸರಿದ್ದರು. ಕೆಲಸ ಹುಡುಕಿ ಒಂಟಿಯಾಗಿ ಬಂದ ಗಂಡಸರು ಸೇರಿಕೊಂಡ ಕಡೆ ಕಾಣುವ ಅನುಪಾತ ಇದು. ಆನೇಕಲ್ಲಿನ ಹಳಬರಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವರು ಬೇಕಾದಷ್ಟು. ಹೊಸಬರ ಜತೆ ಹಿಂದಿ, ಒಡಿಯಾ, ಬಂಗಾಳಿ ಬಂದಿವೆ. ಒಂದು ಕೋಣೆಯಲ್ಲಿ ನಾಲ್ವರು, ಪಾಳಿ ಪ್ರಕಾರ ಇಬ್ಬರಿಗೆ ಹಗಲು ನಿದ್ದೆ, ಇಬ್ಬರಿಗೆ ರಾತ್ರಿ. ಹೊಲ ಮಾರಿ ಬಾಡಿಗೆ ಮನೆ ಕಟ್ಟಿಸಿದ ಹಳೇ ರೈತ ಮನೆತನಗಳೂ ಪಕ್ಕದಲ್ಲೇ ಇವೆ. ದುಡ್ಡು ಬಂತು, ದುಡಿಮೆ ಹೋಯಿತು ಅನ್ನುವ ಆ ಮನೆಗಳ ಕುಡಿತದ ಕತೆ ಬೇರೆ, ಕೋಣೆಯಲ್ಲಿರುವವರ ಕುಡಿತದ ಕತೆ ಬೇರೆ. ಎರಡಕ್ಕೂ ಒಂದೇ ಮದ್ದು ಹೇಳುವುದು ಕಷ್ಟ.

ಎಷ್ಟು ಜನಕ್ಕೆ ನೆರವು ಬೇಕು? ಆನೇಕಲ್ಲಿಗೇ ಅಂತ ಅಳತೆ ಹಿಡಿದು ನೋಡುವ ಬದಲು ದೇಶದ ಸರಾಸರಿಯನ್ನೇ ಕೋಲಾಗಿ ಇಟ್ಟುಕೊಳ್ಳೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ ನೂರಕ್ಕೆ 5.2 ಮಂದಿಗೆ ಕುಡಿತದ ಕಾರಣ ನೆರವು ಬೇಕು, ಅದರಲ್ಲಿ 2.7 ಮಂದಿ ಕುಡಿಯದೆ ಇರಲಾಗದ ಅವಲಂಬನೆಯ ಸ್ಥಿತಿಗೆ ತಲುಪಿದವರು. ಪಟ್ಟಣದ 44 ಸಾವಿರದಲ್ಲಿ ಐದರಲ್ಲಿ ನಾಲ್ಕು ಭಾಗ ಆ ವಯಸ್ಸಿನವರು ಅಂದುಕೊಂಡರೆ ನೆರವು ಬೇಕಾದವರು ಸುಮಾರು 1,800, ಅವಲಂಬಿತರು 950ರ ಆಸುಪಾಸು. ಅದೇ ಸಮೀಕ್ಷೆ ಹೇಳುವಂತೆ ಅವಲಂಬಿತರಲ್ಲಿ 38ಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ, 180ಕ್ಕೆ ಒಬ್ಬರು ಮಾತ್ರ ಆಸ್ಪತ್ರೆಗೆ ದಾಖಲಾಗಿದ್ದಾರೆ. ಅಂದರೆ ಈ ಊರಿನ 950ರಲ್ಲಿ 25 ಮಂದಿ, ಐದು ಹಾಸಿಗೆ. ಕರ್ನಾಟಕದಲ್ಲಿ ಕುಡಿಯುವವರು ಅಷ್ಟಿಲ್ಲ ಎಂದು ಆಕ್ಷೇಪಿಸಬಹುದು. ಅದು ನಿಜವೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆ ಎಂದು ಒಪ್ಪಿಕೊಂಡ ಗಂಡಸರು ದೇಶದಲ್ಲಿ ನೂರಕ್ಕೆ 18.8, ರಾಜ್ಯದಲ್ಲಿ 16.5. ಹಾಗಾಗಿ ನನ್ನ ಲೆಕ್ಕದಿಂದ ಒಂದಿಷ್ಟು ಕಳೆಯಿರಿ. 2011ರ ನಂತರ ಬಂದು ನೆಲೆಸಿದವರನ್ನು ಕೂಡಿಸಿ. ಹೇಗೆ ಕೂಡಿ ಕಳೆದರೂ ಐದು ಹಾಸಿಗೆಯ ಪಕ್ಕದಲ್ಲಿ ನೂರಾರು ಜನ ನಿಂತೇ ಇರುತ್ತಾರೆ.

ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ದೇಶದ ದೊಡ್ಡ ಕೇಂದ್ರಗಳಲ್ಲಿ ಒಂದು. ಅದು ಇಲ್ಲಿಂದ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವಾಗ ಆನೇಕಲ್ಲಿಗೆ ಬೇರೇನು ಬೇಕು ಅನ್ನುವ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕಲಬುರಗಿಯ ಹಳ್ಳಿಯವನು ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಬರುತ್ತಾನೆ. ಆನೇಕಲ್ಲಿನವನಿಗೇನು ರೋಗ ಎಂದು ಕೇಳಬಹುದು. ಉತ್ತರ ಆ ರೋಗದ ಸ್ವಭಾವದಲ್ಲೇ ಇದೆ. ಕುಡಿತ ಬಿಟ್ಟ ಮೊದಲ ವಾರ ಚಿಕಿತ್ಸೆಯ ಸಣ್ಣ ಪಾಲು. ಆಮೇಲಿನ ಒಂದು ವರ್ಷ, ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಂಡು, ಲಿವರ್ ಪರೀಕ್ಷೆ ಮಾಡಿಸಿ, ಮಾತ್ರೆ ತರುವುದೇ ನಿಜವಾದ ಚಿಕಿತ್ಸೆ. ದೂರದ ಊರಿನವನು ಒಂದು ಸಲ ರಜೆ ಹಾಕಿ ದಾಖಲಾಗುತ್ತಾನೆ. ಪಾಳಿ ಕೆಲಸದವನಿಗೆ ಬೇಕಾದ್ದು ಒಂದು ಸಲದ ದೊಡ್ಡ ರಜೆಯಲ್ಲ, ವರ್ಷಪೂರ್ತಿ ಇಪ್ಪತ್ತು ಸಣ್ಣ ರಜೆ. ಬಸ್ಸು, ಸಾಲು, ಚೀಟಿ, ಮತ್ತೆ ಬಸ್ಸು ಅಂತ ಪ್ರತಿಸಲವೂ ಒಂದು ದಿನದ ಕೂಲಿ ಹೋಗುತ್ತದೆ. ಗುತ್ತಿಗೆ ಕಾರ್ಮಿಕನಾದರೆ ಮೂರನೇ ಸಲ ಕೆಲಸವೂ ಹೋಗುತ್ತದೆ. ಮೆಟ್ರೊ ಬಂದಿದ್ದರಿಂದ ದಾರಿ ಸಲೀಸಾಗಿದೆ, ಹಾಜರಿ ಪುಸ್ತಕ ಬದಲಾಗಿಲ್ಲ. ಕಾರ್ಮಿಕರ ವಿಮೆಯಾದ ಇಎಸ್‌ಐ ಇರುವವರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡಾ 70ರಷ್ಟು ಕಾಯಿಲೆ ಭತ್ಯೆ ಸಿಗುವ ದಾರಿ ಕಾನೂನಿನಲ್ಲಿದೆ. ಆದರೆ ಸೂಪರ್‌ವೈಸರಿನ ಮುಂದೆ ನನ್ನದು ಕುಡಿತದ ಕಾಯಿಲೆ ಎಂದು ಚೀಟಿ ಹಿಡಿಯುವ ಧೈರ್ಯ ಯಾರಿಗಿದೆ?

ಸರ್ಕಾರ ಇದನ್ನು ಯೋಚಿಸಿಲ್ಲ ಅನ್ನುವುದು ಅನ್ಯಾಯ. 2014ರಲ್ಲಿ ರಾಜ್ಯದಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದ ತಿರುಳೇ ಇದು: ಮನೋವೈದ್ಯರೇ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರಬೇಕು. ರೈತರ ತಾಲ್ಲೂಕಿಗೆ ಹೊಂದುವ ಲೆಕ್ಕಾಚಾರ. ಕಾರ್ಖಾನೆಯ ತಾಲ್ಲೂಕಿನಲ್ಲಿ ಮಂಗಳವಾರ ಅಂದರೆ ವಾರದ ನಡುಮಧ್ಯ. ಬೆಳಿಗ್ಗೆ ಆರಕ್ಕೆ ಮೊದಲ ಪಾಳಿ ಹೊಕ್ಕವನು ಎರಡಕ್ಕೆ ಹೊರಬೀಳುತ್ತಾನೆ. ಕಂಪನಿ ಬಸ್ಸು ಅವನನ್ನು ಇಳಿಸುವ ಹೊತ್ತಿಗೆ ಹೊರರೋಗಿಗಳ ಸಾಲು ಕರಗಿರುತ್ತದೆ. ಅದೇ ರಸ್ತೆಯ ವೈನ್ ಶಾಪಿನ ಕಬ್ಬಿಣದ ಜಾಲರಿಯ ಕಿಂಡಿ ಮಾತ್ರ ಬೆಳಿಗ್ಗೆ ಹತ್ತಕ್ಕೆ ತೆರೆದರೆ ರಾತ್ರಿ ಹತ್ತಕ್ಕೂ ತೆರೆದೇ ಇರುತ್ತದೆ. ಆ ಕಿಂಡಿಯ ಮುಂದೆ ಯಾರೂ ಹೆಸರು ಬರೆಸಬೇಕಿಲ್ಲ, ಭಾಷೆಯ ತೊಡಕಿಲ್ಲ, ತೊಂಬತ್ತು ಎಂಎಲ್‌ನ ಟೆಟ್ರಾ ಪ್ಯಾಕಿಗೆ ಚಿಲ್ಲರೆ ಸರಿಯಾಗಿದ್ದರೆ ಹತ್ತು ಸೆಕೆಂಡಿನ ಕೆಲಸ. ಚಿಕಿತ್ಸೆ ಪೈಪೋಟಿ ನಡೆಸಬೇಕಾಗಿರುವುದು ಆ ಹತ್ತು ಸೆಕೆಂಡಿನ ಜತೆ.

ಈ ಖಾಲಿ ಜಾಗದಲ್ಲಿ ಬೇರೆ ಬೇರೆಯವರು ಅಂಗಡಿ ಇಟ್ಟಿದ್ದಾರೆ. ಬಸ್ ನಿಲ್ದಾಣದ ಗೋಡೆ, ವಿದ್ಯುತ್ ಕಂಬಗಳ ಮೇಲೆ ಚೀಟಿ ಅಂಟಿಸುವವರು ಮೊದಲನೆಯವರು: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು ಎಂಬ ಒಕ್ಕಣೆ, ಕೆಳಗೊಂದು ಮೊಬೈಲ್ ನಂಬರು. ಸಾರಿನಲ್ಲೋ ಕಾಫಿಯಲ್ಲೋ ಬೆರೆಸಲು ಹೇಳುವ ಇಂಥ ಪುಡಿಯಲ್ಲಿ ಏನಿದೆ ಎಂದು ಹೆಂಡತಿಗೆ ಗೊತ್ತಿರುವುದಿಲ್ಲ. ಅದರಲ್ಲಿ ಇರಬಹುದಾದ ಡೈಸಲ್ಫಿರಾಮ್ ಕುಡಿತ ಬಿಡಿಸಲು ಒಳ್ಳೆಯ ಔಷಧವೇ, ಆದರೆ ಅದನ್ನು ತೆಗೆದುಕೊಂಡಿದ್ದೇನೆಂದು ಗೊತ್ತಿರುವವನಿಗೆ. ಗೊತ್ತಿಲ್ಲದವನು ಅದರ ಮೇಲೆ ಕುಡಿದರೆ ಎದೆ ಬಡಿತ ಏರಿ, ರಕ್ತದ ಒತ್ತಡ ಕುಸಿದು, ಜೀವಕ್ಕೇ ಎರವಾಗಬಹುದು. ಎರಡನೆಯವರು ಖಾಸಗಿ ವ್ಯಸನಮುಕ್ತಿ ಕೇಂದ್ರಗಳು. ಅವುಗಳಲ್ಲಿ ಒಳ್ಳೆಯವೂ ಇವೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರಂತೆ ಕೇಂದ್ರಕ್ಕೆ ನೋಂದಣಿ ಬೇಕು, ಸರಪಳಿ ಹಾಕುವಂತಿಲ್ಲ, ಒಪ್ಪಿ ಸೇರಿದವನನ್ನು ಬೇಕಾಬಿಟ್ಟಿ ಕೂಡಿಹಾಕುವಂತಿಲ್ಲ. ಮನೆಯವರು ಫೀಸು ಕೇಳುವ ಮೊದಲು ಆ ನೋಂದಣಿ ಪತ್ರ ಕೇಳಬೇಕು, ಮನೋವೈದ್ಯರು ವಾರದಲ್ಲಿ ಎಷ್ಟು ದಿನ ಬರುತ್ತಾರೆ ಎಂದೂ ಕೇಳಬೇಕು. ತೊಂಬತ್ತು ದಿನ ಒಳಗಿಟ್ಟು ಕಳಿಸುತ್ತೇವೆ ಅನ್ನುವವರು ತೊಂಬತ್ತೊಂದನೇ ದಿನದ ಮಾತೇ ಎತ್ತುವುದಿಲ್ಲ.

ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು, ಆಸ್ಪತ್ರೆ ಯಾಕೆ ಅನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಾಡಿನುದ್ದಕ್ಕೂ ನಡೆಸಿಕೊಂಡು ಬಂದಿರುವ ಎಂಟು ದಿನದ ಮದ್ಯವರ್ಜನ ಶಿಬಿರಗಳಲ್ಲಿ ಊರಿನ ಕಲ್ಯಾಣ ಮಂಟಪವೇ ವಾರ್ಡಾಗುತ್ತದೆ. ಕುಡುಕನೆಂದು ದೂರವಿಟ್ಟವನನ್ನು ಊರಿನವರೇ ಕೂರಿಸಿ ಊಟ ಬಡಿಸುತ್ತಾರೆ. ಆ ಮರ್ಯಾದೆ ಯಾವ ಮಾತ್ರೆಯಲ್ಲೂ ಇಲ್ಲ. ಆದರೆ ಬೆಳಿಗ್ಗೆ ಎದ್ದೊಡನೆ ಕೈ ನಡುಗಿ, ಟೀ ಲೋಟ ತುಟಿಗೆ ತರುವಷ್ಟರಲ್ಲಿ ಅರ್ಧ ಚೆಲ್ಲುವವನು ಸಂಕಲ್ಪ ಮಾಡಿ ಕೋಣೆಯಲ್ಲಿ ಒಬ್ಬನೇ ಕುಡಿತ ನಿಲ್ಲಿಸಿದರೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಗೋಡೆಯ ಮೇಲೆ ಇಲ್ಲದ ಹುಳ ಕಂಡು ಬಡಬಡಿಸಬಹುದು. ಅವನಿಗೆ ಬೇಕಾದ್ದು ಬಿ1 ವಿಟಮಿನ್, ನಡುಕ ತಡೆಯುವ ಮಾತ್ರೆ, ಪಕ್ಕದಲ್ಲೊಬ್ಬ ನರ್ಸು. ಶಿಬಿರವೂ ಊರಿನಲ್ಲಿ ಬೇರಿರುವವನಿಗೆ ಚೆನ್ನಾಗಿ ಒಗ್ಗುತ್ತದೆ. ಒಡಿಶಾದಿಂದ ಬಂದ ಹುಡುಗನಿಗೆ ಇಲ್ಲಿ ಊರೂ ಇಲ್ಲ, ಊರಿನವರೂ ಇಲ್ಲ.

ಅಂಗಡಿಗಳನ್ನೇ ಮುಚ್ಚಿಸಿ ಎಂಬ ಹೆಂಗಸರ ಕೂಗಿಗೆ ನಾನು ಎದುರಾಡಲಾರೆ, ಏಟು ತಿನ್ನುವವರು ಅವರು. 2007ರ ಜುಲೈ 1ರಿಂದ ಸಾರಾಯಿ ನಿಂತಿದ್ದು ಅಂಥದೇ ಕೂಗಿನಿಂದ. ನಿಂತದ್ದು ಸಾರಾಯಿ, ಕುಡಿತವಲ್ಲ. 2025–26ರಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಬಜೆಟ್ಟಿನಲ್ಲೇ ಗುರಿ ಇಟ್ಟ ಸರ್ಕಾರ ಕಿಂಡಿ ಮುಚ್ಚುತ್ತದೆಂದು ನಂಬುವುದು ಕಷ್ಟ. ಮುಚ್ಚಿದರೂ ಅತ್ತಿಬೆಲೆ ದಾಟಿದರೆ ತಮಿಳುನಾಡು, ಅಲ್ಲಿ ಟಾಸ್ಮಾಕ್ ಮದ್ಯದಂಗಡಿ. ಅಂಗಡಿ ಕಡಿಮೆಯಾಗಲಿ, ಹೊತ್ತು ಕಡಿಮೆಯಾಗಲಿ. ಆದರೆ ಇವತ್ತು ಕೈ ನಡುಗುತ್ತಿರುವವನು ಅಲ್ಲಿಯವರೆಗೆ ಕಾಯಲಾರ.

ಹಾಗಾದರೆ ದಾರಿ ಯಾವುದು ಎಂದರೆ, ಅದು ಇದೇ ತಾಲ್ಲೂಕಿನಲ್ಲಿ ಹುಟ್ಟಿದ ದಾರಿ. ಬನ್ನೇರುಘಟ್ಟ ರಸ್ತೆಯ ಪಕ್ಕದ ಸಕಲವಾರದಲ್ಲಿ 1976ರ ಸುಮಾರಿಗೆ ನಿಮ್ಹಾನ್ಸ್ ಒಂದು ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಮನೋವೈದ್ಯರಿಲ್ಲದ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು, ಆರೋಗ್ಯ ಕಾರ್ಯಕರ್ತರೇ ಮಾನಸಿಕ ಕಾಯಿಲೆಯನ್ನು ಗುರುತಿಸಿ ನೋಡಿಕೊಳ್ಳಬಲ್ಲರೇ ಎಂಬುದು ಅಲ್ಲಿ ಕೇಳಿದ ಪ್ರಶ್ನೆ. ಬಲ್ಲರು ಎಂಬ ಉತ್ತರ ಮುಂದೆ ಬಳ್ಳಾರಿ ಜಿಲ್ಲೆಗೆ ಹೋಯಿತು, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೇ ಹೋಯಿತು. ಕುಡಿತದ ವಿಷಯದಲ್ಲಿ ಗೋವಾದ ಸಾಕ್ಷ್ಯವೂ ಇದೆ: ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಗಂಡಸರ ಮೇಲೆ ನಡೆದು 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ನಾಲ್ಕು ಸಲದೊಳಗೆ ಕೂತು ಮಾತಾಡಿದ ಗುಂಪಿನಲ್ಲಿ ಮೂರು ತಿಂಗಳಿಗೆ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಯ ಗುಂಪಿನಲ್ಲಿ 26. ದೊಡ್ಡ ಪವಾಡವೇನಲ್ಲ. ಅವಲಂಬನೆಯ ಸ್ಥಿತಿಗೆ ಹೋದವರಿಗೆ ಇಷ್ಟೇ ಸಾಲದು, ಅವರಿಗೆ ಔಷಧ ಬೇಕು, ಕೆಲವರಿಗೆ ನಿಮ್ಹಾನ್ಸ್ ಹಾಸಿಗೆಯೂ ಬೇಕು. ಆದರೆ ಕೈ ನಡುಗುವ ಹಂತಕ್ಕೆ ಇನ್ನೂ ಮುಟ್ಟದ ಎಂಟುನೂರು ಚಿಲ್ಲರೆ ಜನಕ್ಕೆ ಇದು ಸಾಕಾಗಬಹುದು.

ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ಮಾತ್ರೆ ಕೊಡುವಂತೆಯೇ ಕುಡಿತದ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನೂ ತಿಂಗಳಿಗೆ ಸಾಲುವಷ್ಟು ಕೊಡಬಹುದು. ವಾರದಲ್ಲೊಂದು ಸಂಜೆ, ಐದರಿಂದ ಎಂಟು, ಇಲ್ಲವೇ ಭಾನುವಾರ ಬೆಳಿಗ್ಗೆ, ಕನ್ನಡದ ಜತೆ ತಮಿಳು, ಹಿಂದಿ ಬಲ್ಲ ಒಬ್ಬ ಆಪ್ತಸಮಾಲೋಚಕರನ್ನು ಕೂರಿಸಬಹುದು. ನಡುರಾತ್ರಿ ಮಾತು ಬೇಕಾದವರಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಈಗಾಗಲೇ ಇದೆ, ಬೇರೆ ಬೇರೆ ಭಾಷೆಗಳಲ್ಲಿ. ಇನ್ನು ಆಸ್ಪತ್ರೆಯವರೇ ಫೋನ್ ಮಾಡಿ ವಿಚಾರಿಸುವ ದಿನವನ್ನೂ ಇಲ್ಲಿಯ ಜನರ ಕ್ಯಾಲೆಂಡರ್ ನೋಡಿಯೇ ಗೊತ್ತು ಮಾಡಬೇಕು. ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಏಳನೇ ತಾರೀಖಿನೊಳಗೆ, ಅದಕ್ಕಿಂತ ದೊಡ್ಡದರಲ್ಲಿ ಹತ್ತರೊಳಗೆ ಸಂಬಳ ಆಗಬೇಕೆಂಬುದು 2025ರ ನವೆಂಬರಿನವರೆಗೆ ನಿಯಮವಾಗಿತ್ತು. ಬಿಟ್ಟವನು ಮತ್ತೆ ಕಿಂಡಿಯ ಮುಂದೆ ನಿಲ್ಲುವ ಸಂಭವ ಹೆಚ್ಚಿರುವುದು ಸಂಬಳ ಕೈಗೆ ಬಂದ ಮೇಲಿನ ಮೂರು ನಾಲ್ಕು ಸಂಜೆ. ಫೋನ್ ಆಗ ಬರಬೇಕು, ಎರಡನೇ ಪಾಳಿಯವನಿಗೆ ರಾತ್ರಿ ಹತ್ತಾದ ಮೇಲೆ.