ಹೆಸರು ಮುಚ್ಚಿಟ್ಟರೆ ಗುರುತಿಸಬಲ್ಲಿರಾ?

ನಿಮಗಿದು ಗೊತ್ತೆ?

● ಕಲಾವಿದರ ಹೆಸರು ಹೇಳದೆ ಧ್ವನಿಮುದ್ರಿಕೆ ಹಾಕಿ, ‘ನುಡಿಸಿದವರು ಯಾರು?’ ಎಂದು ಕೇಳುವುದು ಜಾಝ್ ರಸಿಕರ ಹಳೆಯ ಆಟ. ವಿಮರ್ಶಕ ಲಿಯೊನಾರ್ಡ್ ಫೆದರ್ 1946ರಲ್ಲಿ ಅಮೆರಿಕದ ‘ಮೆಟ್ರೊನೋಮ್’ ಪತ್ರಿಕೆಯಲ್ಲಿ ಇದನ್ನು ‘ಬ್ಲೈಂಡ್‌ಫೋಲ್ಡ್ ಟೆಸ್ಟ್’ ಎಂಬ ಅಂಕಣವಾಗಿಸಿದರು. ಮೊದಲು ಪರೀಕ್ಷೆಗೆ ಕೂತವರು ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್.

● ನುಡಿಸುತ್ತಿರುವವರು ಕರಿಯರೋ ಬಿಳಿಯರೋ ಎಂದು ಕೇಳಿಯೇ ಹೇಳಬಲ್ಲೆ ಎಂದು ಕಪ್ಪು ಜನಾಂಗದ ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್ 1951ರಲ್ಲಿ ಫೆದರ್ ಜತೆ ಪಂಥ ಕಟ್ಟಿದರು. ಹಲವು ಬಾರಿ ತಪ್ಪಿ, ಸೋಲೊಪ್ಪಿಕೊಂಡರು. ಸಂಗೀತಕ್ಕೆ ಮೈಬಣ್ಣವಿಲ್ಲ ಎಂಬ ಫೆದರ್ ವಾದಕ್ಕೆ ಬಲ ಬಂತು.

● ನಮ್ಮಲ್ಲಿ ಈ ಒಗಟಿಗೆ ಹಾಡಿನೊಳಗೇ ಉತ್ತರವಿರುತ್ತಿತ್ತು! 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್‌ಗೆ ಹಾಡಿದ ಗಾಯಕಿ ಗೌಹರ್ ಜಾನ್, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಸಾರಿದರು. ಪ್ಲೇಟುಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ನಮ್ಮ ಭಾಷೆ ತಿಳಿಯದು. ಲೇಬಲ್ ಅದಲುಬದಲಾಗದಿರಲು ಈ ಉಪಾಯ.

● ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ಕಾವೇರಿಯ ವಿದ್ಯುತ್ ಹರಿದದ್ದೂ ಅದೇ 1902ರಲ್ಲಿ. ಆದರೆ ಅಂದಿನ ಗ್ರಾಮಫೋನ್‌ಗೆ ವಿದ್ಯುತ್ತೇ ಬೇಡ. ಕೀಲಿ ಕೊಟ್ಟರೆ ಸಾಕಿತ್ತು. ಕಲಾವಿದರು ಹಾಡುತ್ತಿದ್ದುದೂ ಮೈಕಿಗಲ್ಲ, ದೊಡ್ಡ ತಗಡಿನ ಕೊಳವೆಯೊಳಕ್ಕೆ. 1925ರಿಂದಷ್ಟೇ ಧ್ವನಿಮುದ್ರಣದಲ್ಲಿ ಮೈಕ್ ಬಳಕೆಗೆ ಬಂತು.

● ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಬಂದರು. 1930ರ ಜನವರಿ 17ರಂದು ಅಲ್ಲಿಯೇ ನಿಧನರಾದರು.