ಎಂಬಿಎ ತರಗತಿ ಪಾವಗಡಕ್ಕೆ ಹೋದರೆ

ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿಗಳೇ ಇಂಧನ ಸಮ್ಮೇಳನ ನಡೆಸುತ್ತಾರೆ. ಎಂಬಿಎ ಓದುವವರು ಅಲ್ಲಿ ಎಂಜಿನಿಯರುಗಳು, ಹಣ ಹೂಡುವವರೊಡನೆ ಮಾತಾಡಿ ಉದ್ಯೋಗದ ದಾರಿ ಅರಿಯಬಹುದು. ನಮ್ಮ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಅಂಥ ಪಾಠ ತುಮಕೂರು ಜಿಲ್ಲೆಯ ಪಾವಗಡದಲ್ಲೇ ಇದೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್. ಜಮೀನನ್ನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಆರಂಭವಾಯಿತು. ಮಳೆ ಕೈಕೊಟ್ಟರೂ ರೈತನಿಗೆ ಬಾಡಿಗೆ ಉಂಟು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತನಿಗೆ ಗುತ್ತಿಗೆ ಹಣವಿಲ್ಲ, ಹೊಲದ ಕೆಲಸವೂ ಹೋಯಿತು.

ಇನ್ನೊಂದು ಲೆಕ್ಕ: ಮೆಗಾವಾಟ್ ಎಂಬುದು ಸಾಮರ್ಥ್ಯ, ಮಾರುವುದು ಯೂನಿಟ್. ಸೂರ್ಯ ಮುಳುಗಿದ ಮೇಲೆ ಫಲಕ ಯೂನಿಟ್ ಕೊಡದು. ದೀಪ ಉರಿಯಬೇಕಾದುದು ಆಗಲೇ. ಈ ಎರಡು ಕೊರತೆಗಳನ್ನೂ ಲೆಕ್ಕಕ್ಕೆ ತರಬಲ್ಲವರೇ ನಾಳಿನ ಇಂಧನ ವ್ಯವಸ್ಥಾಪಕರು.