ಯಂತ್ರ ಮುನಿದ ಬೇಸಗೆ

ಅಧ್ಯಾಪಕನ ಬೇಸಗೆಯ ರಜೆಯ ವಿಷಯದಲ್ಲಿ ಅಧ್ಯಾಪಕರಲ್ಲದವರಿಗೆ ಇರುವಷ್ಟು ಖಚಿತವಾದ ತಿಳಿವಳಿಕೆ ಅಧ್ಯಾಪಕರಿಗೇ ಇರುವುದಿಲ್ಲ. “ನಿಮಗೇನು ಸ್ವಾಮಿ, ಎರಡು ತಿಂಗಳು ಕೂತು ಉಣ್ಣುವ ಯೋಗ” ಎಂದು ನಮ್ಮ ಎದುರುಮನೆಯವರು ಪ್ರತಿ ವರ್ಷ ಮಾರ್ಚಿ ತಿಂಗಳ ಕೊನೆಯಲ್ಲಿ ತಪ್ಪದೆ ಹೇಳುತ್ತಾರೆ. ನಾನು ತಪ್ಪದೆ ನಗುತ್ತೇನೆ. ಆಮೇಲೆ ಮೌಲ್ಯಮಾಪನ ಕೇಂದ್ರಕ್ಕೆ ಹೋಗಿ, ಸಂಧಿಗೂ ಸಮಾಸಕ್ಕೂ ಭೇದವೆಣಿಸದ ಸಮದರ್ಶಿಗಳ ಉತ್ತರಪತ್ರಿಕೆಗಳ ಮುಂದೆ ಕುಳಿತುಕೊಳ್ಳುತ್ತೇನೆ. 2024ರಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳಾದಾಗ ರಜೆಯೂ ತುಂಡುತುಂಡಾಯಿತು. ಆದರೂ ಏನೇ ಆಗಲಿ, ರಜೆ ರಜೆಯೇ. ಮಧ್ಯಾಹ್ನದ ಊಟವಾದ ಮೇಲೆ ಗಂಟೆ ಹೊಡೆಯುವುದಿಲ್ಲ ಎಂಬುದೊಂದೇ ಸಾಕು, ಮನಸ್ಸು ಹಗುರವಾಗುವುದಕ್ಕೆ.

ನನ್ನದೊಂದು ಅಭ್ಯಾಸವಿದೆ. ಪ್ರತಿ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಗಣಕಯಂತ್ರದ ಮುಂದೆ ಕುಳಿತು ಒಂದು ಪುಟ ಬರೆಯುತ್ತೇನೆ. ದಿನಚರಿಯೆಂದು ಕರೆದರೆ ಅದಕ್ಕೆ ಹೆಚ್ಚಿನ ಗೌರವವಾದೀತು. ಅಂದು ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ, ಸಂತೆಯಲ್ಲಿ ಕಿವಿಗೆ ಬಿದ್ದ ಒಂದು ಮಾತು, ಮಗಳು ಮಾಡಿದ ಒಂದು ತುಂಟತನ, ಹೆಚ್ಚೆಂದರೆ ಇಷ್ಟು. ಮೊದಲನೆಯ ಯಂತ್ರವನ್ನು 2006ರಲ್ಲಿ ಸಾಲ ಮಾಡಿ ಕೊಂಡೆ. ಅದು ಗತಿಸಿದ ಮೇಲೆ 2013ರಲ್ಲಿ ಬಂದದ್ದು ಈಗಿನದು. ಹಳೆಯದರಲ್ಲಿದ್ದುದೆಲ್ಲವೂ, ಮನೆ ಬದಲಿಸುವಾಗ ಗಡಿಗೆ ಮಡಕೆಗಳನ್ನು ಸಾಗಿಸುವ ಹಾಗೆ, ಇದಕ್ಕೆ ಸಾಗಿ ಬಂದಿತ್ತು.

2025ರ ಏಪ್ರಿಲ್ ತಿಂಗಳ ಎರಡನೆಯ ವಾರ. ತುಮಕೂರಿನ ಸೆಕೆಯನ್ನು ಬಲ್ಲವರಿಗೆ ಅದನ್ನು ವರ್ಣಿಸಬೇಕಾಗಿಲ್ಲ, ಅರಿಯದವರು ಪುಣ್ಯವಂತರು. ಸಂಜೆ ಗಾಳಿಯೆದ್ದು ನಾಲ್ಕು ಹನಿ ಬಿದ್ದಂತೆ ಮಾಡಿ ಹೋಯಿತು. ವಿದ್ಯುತ್ತು ಹೋಯಿತು, ಬಂದಿತು, ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ದೀಪಗಳು ಒಮ್ಮೆ ಬೆಳ್ಳಗೆ ಉರಿದವು, ನನ್ನ ಮೇಜಿನ ಕೆಳಗಿಂದ ‘ಟಪ್’ ಎಂಬ ಸದ್ದು ಬಂದಿತು, ಜೊತೆಗೆ ಸುಟ್ಟ ವಾಸನೆ. ನನ್ನ ಮಡದಿ ಅಡಿಗೆಮನೆಯಿಂದಲೇ, “ಏನು ಹತ್ತಿತು?” ಎಂದು ಕೇಳಿದಳು. ಏನು ಆರಿತು ಎಂದು ಕೇಳಬೇಕಾಗಿತ್ತು.

ಮರುದಿನ ಅದನ್ನು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ಒಂದು ದುರಸ್ತಿ ಅಂಗಡಿಗೆ ಹೋದೆ. ಅಲ್ಲಿಯ ಯುವಕನು ಪೆಟ್ಟಿಗೆಯನ್ನು ಬಿಚ್ಚಿದಾಗ ಮೊದಲು ಹೊರಬಂದದ್ದು ಧೂಳು, ಅನಂತರ ಇರುವೆಗಳ ಒಂದು ಸಂಸಾರ. ಸುಟ್ಟಿದ್ದುದು ವಿದ್ಯುತ್ತು ಹಂಚುವ ಭಾಗ. ಅದನ್ನು ಅರ್ಧ ಗಂಟೆಯಲ್ಲಿ ಬದಲಿಸಿದ. ಯಂತ್ರಕ್ಕೆ ಉಸಿರು ಬಂದಿತು, ಜ್ಞಾನ ಬರಲಿಲ್ಲ. ಒಳಗಿನಿಂದ ಗಡಿಯಾರದ ಹಾಗೆ ‘ಟಿಕ್ ಟಿಕ್’ ಎಂಬ ಸದ್ದು ಮಾತ್ರ ಕೇಳಿಸುತ್ತಿತ್ತು. ಯುವಕನು ಕಿವಿಗೊಟ್ಟು, “ಡಿಸ್ಕ್ ಹೋಗ್ತಾ ಇದೆ ಸಾರ್. ಫಾರ್ಮ್ಯಾಟ್ ಮಾಡಿ ನೋಡೋಣ, ಒಂದೊಂದು ಸಲ ಸರಿಹೋಗುತ್ತೆ” ಎಂದ.

“ಮಾಡಿದರೆ ಒಳಗಿರುವುದು?”

“ಅದು ಹೋಗುತ್ತೆ ಸಾರ್.”

ರೋಗಿಗೆ ಪುನರ್ಜನ್ಮ ಕೊಡಿಸೋಣವೆಂದು ವೈದ್ಯನು ಸಲಹೆ ಮಾಡಿದಂತಿತ್ತು. ಡಿಸ್ಕನ್ನು ಕಳಚಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ದಿನಕ್ಕೊಂದು ಪುಟದ ನನ್ನ ಹರಟೆ ಹೋದರೆ ಲೋಕಕ್ಕಾಗಲಿ ನನಗಾಗಲಿ ಅಂಥ ನಷ್ಟವೇನೂ ಇರಲಿಲ್ಲ. ಆದರೆ ಅದರ ನಡುವೆ ಬೇರೊಂದು ವಸ್ತುವಿತ್ತು. ನಮ್ಮ ತಾಯಿಯವರ ಊರು, ಈಗ ಅವರು ಇರುವುದೂ ಅಲ್ಲೇ, ಸಾಗರ ತಾಲೂಕಿನ ಒಂದು ಅಡಕೆತೋಟದ ಮನೆ. 2007ರಿಂದ 2014ರವರೆಗೆ ಪ್ರತಿ ಬೇಸಗೆಯ ರಜೆಯಲ್ಲಿಯೂ ನಾನು ಅಲ್ಲಿಗೆ ಹೋಗಿ, ಅವರು ಆಡುವ ಮಾತುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದೆ. ಹಾಡುಗಳನ್ನಲ್ಲ, ಕಥೆಗಳನ್ನಲ್ಲ, ಅವನ್ನು ಸಂಗ್ರಹಿಸಿದ ಮಹನೀಯರು ನಮ್ಮಲ್ಲಿ ಹಲವರಿದ್ದಾರೆ. ನಾನು ಬರೆದುಕೊಂಡದ್ದು ಬರಿಯ ಹೆಸರುಗಳನ್ನು. ಅವರು ಜಗುಲಿಯ ಮೇಲೆ ಹಲಸಿನ ಹಣ್ಣು ಬಿಡಿಸುತ್ತಿದ್ದರೆ ನಾನು ಪಕ್ಕದಲ್ಲಿ ಕುಳಿತು, “ಇದಕ್ಕೆ ಏನೆನ್ನುತ್ತೀರಿ?” ಎಂದು ಕೇಳುವುದು, ಅವರು ನನ್ನ ವಿದ್ಯೆಯ ಬಗ್ಗೆ ಮರುಗಿ ಉತ್ತರ ಕೊಡುವುದು. ತೊಳೆ, ಬೇಳೆ, ಗೂಂಜು, ಮೇಣ. ಗಟ್ಟಿ ತೊಳೆಯದು ಬಕ್ಕೆ, ಮೆತ್ತನೆಯದು ಅಂಬಲಿ. ಅಡಕೆ ಬೇಯಿಸಿದ ಕೆಂಪು ನೀರು ಚೊಗರು. ಅಪ್ಪೆಮಿಡಿಯ ಒಂದೊಂದು ಮರಕ್ಕೂ ಒಂದೊಂದು ಹೆಸರು. ಒಂದು ಮಿಡಿಯ ತೊಟ್ಟು ಮುರಿದು ಮೂಸಿ, ಇದು ಹೊಳೆಯಂಚಿನ ಮರದ್ದು, ಇದು ದರೆಯ ಮೇಲಿನದು ಎಂದು ಅವರು ಹೇಳಬಲ್ಲವರಾಗಿದ್ದರು. ಅಂದು ಸಂಜೆ ಕಾಗದದಲ್ಲಿ ಗೀಚಿದ್ದನ್ನು ರಜೆ ಮುಗಿದ ಮೇಲೆ ಯಂತ್ರದಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟು, ಕಾಗದವನ್ನು ಎಸೆದುಬಿಡುತ್ತಿದ್ದೆ. ಯಂತ್ರದಲ್ಲಿದ್ದ ಮೇಲೆ ಕಾಗದವೇಕೆ?

ತಾಯಿಯವರಿಗೆ ಈಗ 80 ದಾಟಿದೆ. ನಾಲ್ಕು ವರ್ಷಗಳಿಂದೀಚೆಗೆ ಮರೆವು ಅವರನ್ನು ಸ್ವಲ್ಪ ಸ್ವಲ್ಪವಾಗಿ ಕರೆದುಕೊಂಡು ಹೋಗುತ್ತಿದೆ. ಮೊದಲು ನೆನ್ನೆ ಮೊನ್ನೆಯ ಸಂಗತಿಗಳು ಹೋದವು, ಅನಂತರ ಮೊಮ್ಮಕ್ಕಳ ಹೆಸರುಗಳು. ಈಗ ಅವರು ತಂಬಿಗೆಯನ್ನು ತೋರಿಸಿ, “ಅದು... ಅದನ್ನು ಕೊಡು” ಎನ್ನುತ್ತಾರೆ. ಎಂಟು ಬೇಸಗೆಗಳಲ್ಲಿ ಅವರಿಂದ ನಾನು ಇಸಿದುಕೊಂಡದ್ದನ್ನು ಎರಡನೆಯ ಸಲ ಕೇಳುವ ಹಾಗಿರಲಿಲ್ಲ.

ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆ ನನಗೆ ಪ್ರಿಯವಾದ ವಿಷಯವಾಗಿತ್ತು. ತಾಳೆಯೋಲೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ, ಇದನ್ನು ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲವಾದ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ ಎಂಬ ಅರ್ಥದ ಪ್ರಾರ್ಥನೆಯನ್ನು ಬರೆಯುತ್ತಿದ್ದುದನ್ನು ಓದಿ ಅಂದು ನಕ್ಕಿದ್ದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅದು ದಾನಗುಣಕ್ಕೆ ನಿದರ್ಶನವೆಂದು ನನ್ನ ಉತ್ತರದಲ್ಲಿದ್ದಿರಬೇಕು. ಒಂದೇ ಪ್ರತಿಯಿದ್ದರೆ ಗೆದ್ದಲಿಗೆ ಒಂದೇ ಊಟ ಎಂಬ ಲೌಕಿಕ ಜ್ಞಾನವೂ ಆ ತಾಯಿಗೆ ಇದ್ದೀತೆಂದು ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಒಂದು ಬೆರಳುದ್ದದ ಪೆನ್‌ಡ್ರೈವಿಗೆ ನಾಲ್ಕು ಕಡತಗಳನ್ನು ನಕಲು ಮಾಡುವುದಕ್ಕೆ ಹನ್ನೊಂದು ವರ್ಷ ‘ನಾಳೆ’ ಎನ್ನುತ್ತಿರಲಿಲ್ಲ.

ನನ್ನ ಹಳೆಯ ಶಿಷ್ಯನೊಬ್ಬನು ಈಗ ಇದೇ ಕಸುಬಿನಲ್ಲಿದ್ದಾನೆ. ಕನ್ನಡದಲ್ಲಿ ಅವನಿಗೆ ನಾನು ಎಂದೂ ಧಾರಾಳವಾಗಿ ಅಂಕ ಕೊಟ್ಟವನಲ್ಲ; ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡವನೂ ಅಲ್ಲ. ಡಿಸ್ಕನ್ನು ಕೈಯಲ್ಲಿ ಹಿಡಿದು ಅದರ ಒಳಗುಟ್ಟನ್ನು ವಿವರಿಸಿದ. ಒಳಗೆ ಕನ್ನಡಿಯಂಥ ಬಿಲ್ಲೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವಂತೆ. ಓದುವ ಮೊನೆ ಅವುಗಳನ್ನು ಮುಟ್ಟದೆ, ಕೂದಲೆಳೆಯ ಸಾವಿರದ ಒಂದು ಪಾಲಿಗಿಂತ ಕಡಿಮೆ ಎತ್ತರದಲ್ಲಿ ತೇಲುತ್ತದಂತೆ. ಮೊನೆಗೆ ತನ್ನ ದಾರಿ ಸಿಕ್ಕದಾದಾಗ ಹಿಂದಕ್ಕೆ ಬಂದು ಮತ್ತೆ ಹುಡುಕಲು ಹೊರಡುತ್ತದೆ. ನಾವು ಕೇಳಿದ ಟಿಕ್ ಟಿಕ್ ಎಂಬುದು ಆ ಹೋಗಿ ಬರುವ ಸದ್ದು. ಹಟ ಹಿಡಿದು ಓದಿಸಿದರೆ ಪೂರ್ತಿ ಕೆಡುವುದು. ಆದುದರಿಂದ ಓದಿದಷ್ಟನ್ನು ಓದಿಸಿ, ತಡವರಿಸಿದಲ್ಲಿ ಬಿಟ್ಟು ಮುಂದಕ್ಕೆ ಹೋಗಿ, ಬಿಟ್ಟದ್ದನ್ನು ಕೊನೆಗೆ ಮೆಲ್ಲಗೆ ಇನ್ನೊಮ್ಮೆ ಕೇಳಬೇಕು. ಅವನು ಹೇಳುತ್ತಿದ್ದುದು ಯಂತ್ರದ ವಿಷಯ. ನನಗೆ ನೆನಪಾಗುತ್ತಿದ್ದುದು ಜಗುಲಿ.

ಮೂರು ದಿನ, ಮೇಜಿನ ಫ್ಯಾನನ್ನು ಅದರ ಕಡೆಗೆ ತಿರುಗಿಸಿಟ್ಟು, ಅವನು ಆ ಕೆಲಸ ಮಾಡಿದ. ನಾಲ್ಕನೆಯ ದಿನ ಕಡತಗಳು ಬಂದವು. 2011ರದೊಂದು ಬರಲಿಲ್ಲ, ಅದರ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಉಳಿದವನ್ನು ತೆರೆದಾಗ ನನ್ನ ಎದೆ ಮತ್ತೊಮ್ಮೆ ಕುಸಿಯಿತು. ಪುಟದ ತುಂಬ ಯೂರೋಪಿನ ಅಕ್ಷರಗಳು. ಕೆಲವಕ್ಕೆ ತಲೆಯ ಮೇಲೆ ಟೋಪಿ, ಕೆಲವಕ್ಕೆ ಚುಕ್ಕೆ, ಕೆಲವಕ್ಕೆ ಬಾಲ. ಯಾವ ಭಾಷೆಯದೂ ಅಲ್ಲದ ಬೈಗುಳದಂತೆ ತೋರುತ್ತಿತ್ತು.

ಇದು ರೋಗವಲ್ಲ, ನಮ್ಮ ತಲೆಮಾರಿನವರ ಪಿತ್ರಾರ್ಜಿತ. 1998ರಲ್ಲಿ ‘ಬರಹ’ ಬಂದಿತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಮೇಲೆ ಬೆರಳಾಡಿಸುತ್ತ ನಾವೆಲ್ಲ ಕನ್ನಡವನ್ನು ತೆರೆಯ ಮೇಲೆ ಕಂಡು ಹಿಗ್ಗಿದೆವು. ಆ ಉಪಕಾರ ಸಣ್ಣದಲ್ಲ. ಆದರೆ ಅಂದಿನ ಏರ್ಪಾಟಿನಲ್ಲಿ ಯಂತ್ರಕ್ಕೆ ಇದು ಕನ್ನಡವೆಂಬುದು ತಿಳಿದಿರಲಿಲ್ಲ. 256 ಗೂಡುಗಳಿದ್ದವು, ಅವುಗಳಲ್ಲಿ ಪರದೇಶದ ಅಕ್ಷರಗಳು ಮೊದಲೇ ಒಕ್ಕಲಾಗಿದ್ದವು, ನಾವು ಅವುಗಳ ಮೇಲೆ ಕನ್ನಡದ ವೇಷ ತೊಡಿಸಿದೆವು. ‘ಕ’ ಎಂಬ ಒಂದಕ್ಷರಕ್ಕೆ ಮೈ ಒಂದು ಗೂಡಿನಲ್ಲಿ, ತಲೆಕಟ್ಟು ಇನ್ನೊಂದರಲ್ಲಿ. ಹೊಸ ಯಂತ್ರದಲ್ಲಿ ಆ ವೇಷದ ಪೆಟ್ಟಿಗೆಯಿಲ್ಲದಿದ್ದರೆ ಒಳಗಿನ ಪರದೇಶಿ ಹೊರಬೀಳುತ್ತಾನೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ ತನ್ನದೇ ಆದ 128 ಗೂಡುಗಳ ಕೇರಿ 1991ರಲ್ಲಿಯೇ ದೊರೆತಿತ್ತು. ಅಲ್ಲಿ ಎಣಿಕೆ ಆಕಾರದ್ದಲ್ಲ, ಧ್ವನಿಯದು. ಕೇಶಿರಾಜನು ಒಪ್ಪಬಹುದಾದ ಕ್ರಮ. ಅವನು ಅಷ್ಟೊಂದು ಅಕ್ಕರೆಯಿಂದ ಶಬ್ದಗಳ ಪಟ್ಟಿ ಮಾಡಿಕೊಟ್ಟ ‘ೞ’ಕಾರಕ್ಕೂ ಅಲ್ಲಿ ಸ್ಥಾನವಿದೆ, ಆದರೆ ಇಂಗ್ಲಿಷಿನಲ್ಲಿ ಅದರ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಗಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದು ಕೈ ತೊಳೆದುಕೊಂಡಿದ್ದಾರೆ. ಎಂಟು ಶತಮಾನಗಳ ಹಿಂದೆಯೇ ನಮ್ಮ ನಾಲಗೆಯಿಂದ ಜಾರಿದ ಅಕ್ಷರಕ್ಕೆ ಇದೊಂದು ಹೊಸ ಕಷ್ಟ.

ಪುಕ್ಕಟೆಯಾಗಿ ಸಿಕ್ಕುವ ಒಂದು ಪರಿವರ್ತಕದಿಂದ ಶಿಷ್ಯನು ಕಡತಗಳನ್ನು ಹೊಸ ಕ್ರಮಕ್ಕೆ ತಿರುಗಿಸಿದ. ಕನ್ನಡ ಕಾಣಿಸಿತು, ಆದರೆ ನಿದ್ದೆಗಣ್ಣಿನ ಲಿಪಿಕಾರನು ಮಾಡಿದ ಪ್ರತಿಯಂತಿತ್ತು. ಮುಖ್ಯ ಅಪರಾಧಿ ಅರ್ಕಾವೊತ್ತು. ಕಣ್ಣಿಗೆ ಅದು ಅಕ್ಷರದ ಹಿಂದೆ, ಕಿವಿಗೆ ಅಕ್ಷರದ ಮುಂದೆ. ಆ ಸರಳ ಯಂತ್ರಕ್ಕೆ ಕಣ್ಣು ಮಾತ್ರ ಇತ್ತು. ಕಾರ್ಯವೆಲ್ಲ ‘ಕಾಯರ್’ ಆಗಿತ್ತು. ಮೇ ತಿಂಗಳ ಮೊದಲ ಹತ್ತು ರಾತ್ರಿಗಳನ್ನು ನಾನು ತಿದ್ದುವುದರಲ್ಲಿ ಕಳೆದೆ. ಗೊತ್ತಿರುವ ಮಾತುಗಳನ್ನು ತಿದ್ದುವುದು ಸುಲಭ. ಆದರೆ ನಾನು ಬರೆದುಕೊಂಡದ್ದು ನಿಘಂಟಿನಲ್ಲಿ ಇಲ್ಲದ ಮಾತುಗಳನ್ನಷ್ಟೆ? ಪಾಠಾಂತರ ನೋಡೋಣವೆಂದರೆ ಇನ್ನೊಂದು ಪ್ರತಿಯಿಲ್ಲ. ಅನುಮಾನ ಬಂದ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆದು, ಒಟ್ಟು 94 ಹಾಳೆಗಳನ್ನು ಎರಡೆರಡು ಪ್ರತಿ ಮುದ್ರಿಸಿ, ತಾಳಗುಪ್ಪದ ರೈಲು ಹತ್ತಿದೆ.

ನಾನು ಊರಿಗೆ ಹೋದಾಗ ಭರಣಿ ಮಳೆ ಒಂದೆರಡು ಸಲ ಬಂದು ಹೋಗಿತ್ತು. ಅಂಗಳದ ಮಣ್ಣಿಗೆ ಇನ್ನೂ ವಾಸನೆಯಿತ್ತು. ತಾಯಿಯವರು ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನನ್ನು ನಮ್ಮ ಸೋದರಮಾವನ ಹೆಸರು ಹಿಡಿದು ಕರೆದು, “ಯಾವಾಗ ಬಂದೆ?” ಎಂದರು. ಮಾವನವರು ತೀರಿಕೊಂಡು ಬಹುಕಾಲವಾಯಿತು. “ಈಗ ಬಂದೆ” ಎಂದು ಅವರ ಪರವಾಗಿ ಹೇಳಿ ಪಕ್ಕದಲ್ಲಿ ಕುಳಿತೆ.

ಅರ್ಥ ಕೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನೆ ಓದುತ್ತ ಹೋದೆ. ಅವರು ತೋಟದ ಕಡೆ ನೋಡುತ್ತ ಕೇಳುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಹಲಸು ಮುಗಿಯಿತು, ಅಡಕೆ ಮುಗಿಯಿತು, ಬಚ್ಚಲೊಲೆ ಮುಗಿಯಿತು. 2010ರ ಕೊನೆಯ ಹಾಳೆಗೆ ಬಂದೆ. ಅದರ ಕೊನೆಯ ಮಾತಿನ ಕೆಳಗೆ ಕೆಂಪು ಗೆರೆಯಿತ್ತು. ಅದು ಏನೆಂಬುದು ನನಗೆ ಹೊಳೆದೇ ಇರಲಿಲ್ಲ. ಇದ್ದ ಹಾಗೆಯೇ ಓದಿದೆ: “ಬೆಚರ್ಪ್ಪ.”

ತಾಯಿಯವರು ತಟ್ಟನೆ ಈ ಕಡೆ ತಿರುಗಿದರು. “ಎಂಥದೋ ಅದು, ಬೆಚರಪ್ಪ? ಬೆರ್ಚಪ್ಪ” ಎಂದರು. ನಾನು ಓದುವುದರಲ್ಲಿ ತಪ್ಪು ಮಾಡಿದಾಗ ಚಿಕ್ಕಂದಿನಲ್ಲಿ ಕೇಳುತ್ತಿದ್ದ ದನಿಯೇ ಅದು. ಗದ್ದೆಯಲ್ಲಿ ಹಕ್ಕಿ ಹೆದರಿಸುವುದಕ್ಕೆ ನಿಲ್ಲಿಸುವ ಬೊಂಬೆ. ಅದಕ್ಕೆ ತಮ್ಮ ಅಪ್ಪಯ್ಯನ ಹಳೆಯ ಕರಿಯ ಕೋಟು ಹಾಕಿದ್ದುದನ್ನು ಹೇಳಿದರು. ಸಂಜೆಗತ್ತಲಲ್ಲಿ ಯಾರೋ ಅದಕ್ಕೆ ನಮಸ್ಕಾರ ಮಾಡಿದ್ದನ್ನು ಹೇಳಿ ನಕ್ಕರು. ಬೆರ್ಚಪ್ಪನಿಂದ ಗದ್ದೆಗೆ ಇಳಿದರು. ಗದ್ದೆಯ ಮಾತುಗಳೇ ನನ್ನ 2011ರ ಕಡತದಲ್ಲಿದ್ದುದು. ಜೇಬಿನಲ್ಲಿದ್ದ ಕೆಂಪು ಪೆನ್ನಿನಿಂದಲೇ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ: ನಟ್ಟಿ, ಗೊರಬು, ಕಂಬಳಿಕೊಪ್ಪೆ. ನಾಲ್ಕನೆಯದಕ್ಕೆ ಬಾಯಿ ತೆರೆದವರು ಅಲ್ಲಿಯೇ ನಿಂತರು. ಸ್ವಲ್ಪ ಹೊತ್ತು ನನ್ನ ಮುಖವನ್ನು ನೋಡಿ, “ಮೋಡ ಆಗಿದೆ, ಹಪ್ಪಳ ಒಳಗೆ ತಾ” ಎಂದರು.

ಅಂಗಳದಲ್ಲಿ ಹಪ್ಪಳ ಇರಲಿಲ್ಲ. ನಮ್ಮಲ್ಲಿ ಹಪ್ಪಳ ಒಣಗಿಸಿ ಐದಾರು ವರ್ಷಗಳಾದವು. ಆದರೂ ಎದ್ದು, ಮೆಟ್ಟಿಲಿಳಿದು, ಅಂಗಳದ ಕೊನೆಯವರೆಗೂ ಹೋಗಿ ನೋಡಿ ಬಂದೆ.